ಜಿನ್ನಿಂಗ್ ಮಿಲ್ಲಿನ ಮೂಲೆಯ ಸಾಣೆ ಯಂತ್ರ



ಆದವಾನಿ ಹತ್ತಿಯ ಊರು ಎಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ, ಸಿರುಗುಪ್ಪ, ರಾಯಚೂರು ಕಡೆಯ ರೈತರು ಇಂದಿಗೂ ಆಂಧ್ರದ ಗಡಿ ದಾಟಿ ಇಲ್ಲಿನ ಮಾರುಕಟ್ಟೆಗೆ ಹತ್ತಿ ತರುತ್ತಾರೆ. ಊರಿಗೆ ಎರಡನೇ ಮುಂಬಯಿ ಎಂಬ ಹೆಸರು ಬಂದದ್ದೂ ಈ ವ್ಯಾಪಾರದಿಂದಲೇ. ಹತ್ತಿಯ ಬಗ್ಗೆ, ಅದರ ದರದ ಬಗ್ಗೆ ಮಾತಾಡಲು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಹಿಂಬದಿಯ ತಗಡಿನ ಶೆಡ್ಡಿನಲ್ಲಿ, ಕಟ್ಟಿಗೆಯ ಬೆಂಚಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ಸಣ್ಣ ಯಂತ್ರದ ಸಂಗತಿ. ನಡುವೆ ಮೋಟಾರು, ಎಡಕ್ಕೊಂದು ಕಲ್ಲು, ಬಲಕ್ಕೊಂದು ಕಲ್ಲು. ಬೆಂಚ್ ಗ್ರೈಂಡರ್ ಅಂದರೆ ಇದೇ. ಹಳೆಯ ಮಿಸ್ತ್ರಿಗಳು ಸಾಣೆ ಮಿಷಿನ್ನು ಅನ್ನುತ್ತಾರೆ. ಇಂಥ ಹಳೆಯ ಗ್ರೈಂಡರುಗಳನ್ನು ಗುಜರಿಯಿಂದ ಎತ್ತಿ ತಂದು, ಬಿಚ್ಚಿ, ತೊಳೆದು, ಮತ್ತೆ ಕೆಲಸಕ್ಕೆ ಹಚ್ಚುವುದರಲ್ಲಿ ನಾನು ಬಹಳ ಕಾಲದಿಂದ ತೊಡಗಿದ್ದೇನೆ.

ಮೊದಲು, ಅದು ಹಿಂಬದಿಯ ಶೆಡ್ಡಿನಲ್ಲೇ ಯಾಕಿರುತ್ತದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಗ್ರೈಂಡರ್ ಅಂದರೆ ಕಿಡಿ. ಜಿನ್ನಿಂಗ್ ಹಾಲ್ ಅಂದರೆ ಗಾಳಿಯಲ್ಲೆಲ್ಲ ಅರಳೆಯ ಎಳೆ. ಒಂದು ಕಿಡಿ ಸಾಕು, ಇಡೀ ಸೀಜನ್ನಿನ ಹತ್ತಿ ಬೂದಿಯಾಗಲು. ಹಾಗಾಗಿ ಲೇತು, ವೆಲ್ಡಿಂಗು, ಗ್ರೈಂಡರು ಎಲ್ಲ ದೂರದಲ್ಲಿ. ದೂರದಲ್ಲಿದ್ದರೂ ಅದಿಲ್ಲದೆ ಮಿಲ್ಲು ನಡೆಯುವಂತಿರಲಿಲ್ಲ. ಲೇತಿನ ಟೂಲು ಮೊಂಡಾದರೆ, ಉಳಿ, ಡ್ರಿಲ್ಲು ಸವೆದರೆ ಮಿಸ್ತ್ರಿ ಮೊದಲು ಹೋಗುವುದು ಗ್ರೈಂಡರಿನ ಮುಂದಕ್ಕೆ. ಶೇಂಗಾ ಎಣ್ಣೆ ಮಿಲ್ಲುಗಳಲ್ಲಂತೂ ಎಕ್ಸ್‌ಪೆಲ್ಲರಿನ ವರ್ಮು ಸವೆಯುತ್ತಲೇ ಇರುತ್ತದೆ. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ ಮತ್ತೆ ಸಾಣೆ ಹಿಡಿದು ಅಳತೆಗೆ ತರುವುದು ಅಲ್ಲಿ ಮುಗಿಯದ ಕೆಲಸ. ಕಾರ್ತೀಕದಿಂದ ಮಾಘದವರೆಗೆ ಮಿಲ್ಲುಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ತಿಂಗಳುಗಳಲ್ಲಿ ಈ ಯಂತ್ರ ಒಂದು ದಿನ ಕೆಟ್ಟರೆ ಎಲ್ಲರ ಬಾಯಲ್ಲೂ ಅದರದೇ ಮಾತು, ಉಳಿದ ದಿನ ಅದನ್ನು ಕೇಳುವವರಿಲ್ಲ.

ಈ ಯಂತ್ರಗಳು ನಮ್ಮಲ್ಲಿಗೆ ಬಂದ ದಾರಿ ಹತ್ತಿಯ ದಾರಿಯೇ. 1871ರಲ್ಲಿ ಮದರಾಸಿನ ರೈಲು, ಬೊಂಬಾಯಿಯ ರೈಲು ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗದ ಮೇಲೆ ಆದವಾನಿ ಇತ್ತು. ಎರೆ ಹೊಲಗಳ ಹತ್ತಿ ‘ವೆಸ್ಟರ್ನ್ಸ್’ ಎಂಬ ವ್ಯಾಪಾರದ ಹೆಸರಿನಲ್ಲಿ ಬಂದರಿಗೆ ಹೋಗುತ್ತಿತ್ತು. 1840ರಲ್ಲಿ ಅಮೆರಿಕದ ಫೋನ್ಸ್ ಮೆಕಾರ್ಥಿ ಪೇಟೆಂಟ್ ಪಡೆದ ರೋಲರ್ ಜಿನ್ನನ್ನು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್‌ನಂಥ ಕಂಪನಿಗಳು ತಯಾರಿಸಿ ಭಾರತದ ಹತ್ತಿ ಸೀಮೆಗಳಿಗೆ ಕಳಿಸಿದವು. ಜಿನ್ನು ಬಂದಲ್ಲಿ ವರ್ಕ್‌ಶಾಪು ಬರಲೇಬೇಕು, ವರ್ಕ್‌ಶಾಪು ಬಂದಲ್ಲಿ ಸಾಣೆ. ಆಗ ಪ್ರತಿ ಯಂತ್ರಕ್ಕೂ ಒಂದೊಂದು ಮೋಟಾರು ಇರಲಿಲ್ಲ. ಉಗಿ ಎಂಜಿನ್ನೋ ಆಯಿಲ್ ಎಂಜಿನ್ನೋ ಮಾಡಿನ ಕೆಳಗಿನ ಉದ್ದನೆಯ ಶಾಫ್ಟನ್ನು ತಿರುಗಿಸುತ್ತಿತ್ತು, ಅದರಿಂದ ಇಳಿದ ಚರ್ಮದ ಪಟ್ಟಿ ಗ್ರೈಂಡರನ್ನು ತಿರುಗಿಸುತ್ತಿತ್ತು. ನನ್ನ ಕೈಗೆ ಸಿಕ್ಕವುಗಳಲ್ಲಿ ಅತಿ ಹಳೆಯವು ಈ ಜಾತಿಯವು. ನಡುವೆ ಮೋಟಾರಿನ ಬದಲು ಚಪ್ಪಟೆ ಪುಲ್ಲಿ, ಬೇರಿಂಗಿನ ನೆತ್ತಿಯ ಮೇಲೆ ಹಿತ್ತಾಳೆಯ ಎಣ್ಣೆ ಬಟ್ಟಲು.

ಮೋಟಾರು ಒಳಗೇ ಇರುವ ಗ್ರೈಂಡರು ಬಂದದ್ದು ಆಮೇಲೆ. ಅಮೆರಿಕದ ಸಂಗ್ರಾಹಕರು 1920ರಲ್ಲಿ ಸೇಂಟ್ ಲೂಯಿಸಿನಲ್ಲಿ ಶುರುವಾದ ಬಾಲ್ಡರ್ ಕಂಪನಿಯ ಗ್ರೈಂಡರುಗಳಿಗೆ ಜೀವ ಬಿಡುತ್ತಾರೆ. ನಮ್ಮ ಕಡೆ ಆ ಹೆಸರು ಕಾಣುವುದಿಲ್ಲ. ಇಲ್ಲಿ ಸಿಗುವುದು ಇಂಗ್ಲೆಂಡಿನ ವುಲ್ಫ್, ಆಮೇಲೆ ಮುಂಬಯಿಯಲ್ಲಿ ತಯಾರಾದ ರಾಲಿವುಲ್ಫ್, ಜೊತೆಗೆ ಹೆಸರಿನ ಫಲಕವೇ ಇಲ್ಲದ, ಊರೂರಿನ ಫೌಂಡ್ರಿಗಳು ಎರಕ ಹೊಯ್ದ ಗಟ್ಟಿ ಆಳುಗಳು. ಪಕ್ಕದಲ್ಲಿ ನಿಂತಿರುತ್ತಿದ್ದ ಲೇತು ಎಷ್ಟೋ ಸಲ ಹರಿಹರದ ಮೈಸೂರು ಕಿರ್ಲೋಸ್ಕರಿನದು. ಆ ಕಾರ್ಖಾನೆ ಹುಟ್ಟಿದ್ದು 1941ರಲ್ಲಿ. ಹರಿಹರದ ಲೇತನ್ನು ಇಂದಿಗೂ ಹೆಸರು ಹಿಡಿದು ನೆನೆಯುವವರಿದ್ದಾರೆ, ಪಕ್ಕದ ಗ್ರೈಂಡರಿನ ಹೆಸರು ಯಾರಿಗೂ ಬೇಡ. ಅದಕ್ಕೇ ಅದು ಮೊದಲು ಗುಜರಿಗೆ ಹೋಗುತ್ತದೆ. ಬೀಡು ಕಬ್ಬಿಣದ ಮೈ, ತಾಮ್ರದ ಸುರುಳಿ, ಎಲ್ಲ ಸೇರಿ 25-30 ಕಿಲೋ. ತಕ್ಕಡಿಗೆ ಹಾಕಿ, ಕಿಲೋ ಲೆಕ್ಕದಲ್ಲಿ ಮಾರಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಸಂಕಟವಾಗುವುದು ಇಲ್ಲಿ. ಅದರ ಶಾಫ್ಟು ನೇರವಾಗಿರುತ್ತದೆ, ಮೈ ಬಿರುಕು ಬಿಟ್ಟಿರುವುದಿಲ್ಲ. ಎರಡು ಬೇರಿಂಗು, ಒಂದು ವೈಂಡಿಂಗು ಹಾಕಿದರೆ ಇನ್ನೊಂದು ತಲೆಮಾರು ದುಡಿಯುತ್ತದೆ.

1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಅವು ಕರ್ನೂಲು ಜಿಲ್ಲೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ನಕಾಶೆಯಲ್ಲಿ ಗೆರೆ ಬಿತ್ತು, ವರ್ಕ್‌ಶಾಪಿನಲ್ಲಿ ಬೀಳಲಿಲ್ಲ. ಕೌತಾಳ, ಹೊಳಗುಂದ, ಸಿರುಗುಪ್ಪಗಳ ನಡುವೆ ಕೆಟ್ಟ ಮೋಟಾರುಗಳು ಅತ್ತಿಂದಿತ್ತ ಓಡಾಡುತ್ತಲೇ ಇವೆ. ಹಾಗಾಗಿ ಗುಜರಿಯಲ್ಲಿ ಕಂಡ ಗ್ರೈಂಡರು ಯಾವ ಊರಿನದೆಂದು ಹೊರಗಿನಿಂದ ಹೇಳಲಾಗದು. ಬಿಚ್ಚಿದರೆ ಮಾತ್ರ ತಿಳಿಯುತ್ತದೆ. ಜಿನ್ನಿಂಗ್ ಮಿಲ್ಲಿನದಾದರೆ ಮೋಟಾರಿನ ಸುರುಳಿಗಳ ಸುತ್ತ ಅರಳೆಯೂ ಕಬ್ಬಿಣದ ಧೂಳೂ ಒತ್ತಿ ಒತ್ತಿ ಕೂತು ಕರಿಯ ಪದರವಾಗಿರುತ್ತದೆ, ಉಗುರಿನಿಂದ ಕಿತ್ತರೆ ಹಾಳೆಹಾಳೆಯಾಗಿ ಬರುತ್ತದೆ. ಎಣ್ಣೆ ಮಿಲ್ಲಿನದಾದರೆ ಅಂಟು, ಜೊತೆಗೆ ಹಳೆಯ ಶೇಂಗಾ ಹಿಂಡಿಯ ವಾಸನೆ. ಸಿರುಗುಪ್ಪದ ಅಕ್ಕಿ ಗಿರಣಿಯದಾದರೆ ತೌಡಿನ ಹುಡಿ ಮೂಲೆಮೂಲೆಯಲ್ಲಿ. ಇದನ್ನು ತೊಳೆದುಹಾಕುವ ಮೊದಲು ನಾನು ಬರೆದಿಡುತ್ತೇನೆ. ಮಾರಿದವರು ಯಾರು, ಯಾವ ಮಿಲ್ಲಿನದೆಂದರು, ಒಳಗೆ ಏನಿತ್ತು. ಈ ಮೂರು ಸಾಲಿಲ್ಲದ ಹಳೆಯ ಯಂತ್ರ ನನ್ನ ದೃಷ್ಟಿಯಲ್ಲಿ ಅರ್ಧ ಯಂತ್ರ.

ಬಿಚ್ಚುವಾಗ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ಯಂತ್ರದ ಮುಂದೆ ನಿಂತರೆ ನಿಮ್ಮ ಬಲಗಡೆಯ ನಟ್ಟು ಮಾಮೂಲಿ, ಎಡಗಡೆಯದು ಉಲ್ಟಾ ಥ್ರೆಡ್ಡು. ಕಲ್ಲು ಮೇಲಿನಿಂದ ನಮ್ಮ ಕಡೆಗೆ ಇಳಿಯುವಂತೆ ತಿರುಗುತ್ತದೆಯಲ್ಲ, ಸ್ವಿಚ್ಚು ಹಾಕಿದ ಎಳೆತಕ್ಕೆ ನಟ್ಟು ಸಡಿಲವಾಗದೆ ಬಿಗಿಯಾಗುತ್ತಲೇ ಹೋಗಲೆಂದು ಮಾಡಿದ ಉಪಾಯ ಇದು. ತಿಳಿಯದವರು ಎಡಗಡೆಯ ನಟ್ಟಿಗೆ ಪಾನಾ ಹಾಕಿ ಮಾಮೂಲಿಯಂತೆ ಬಲ ಬಿಟ್ಟು, ಅದು ಇನ್ನೂ ಬಿಗಿಯಾಗಿ, ಕೊನೆಗೆ ಸುತ್ತಿಗೆ ಎತ್ತುತ್ತಾರೆ. ಹಾಗೆ ಮೂಲೆ ಮುರಿದ ನಟ್ಟುಗಳನ್ನು ನೋಡಿದಾಗ ಯಾರದೋ ಸಿಟ್ಟು ಕಬ್ಬಿಣದ ಮೇಲೆ ಹಾಗೇ ಉಳಿದಿರುವುದು ಕಾಣುತ್ತದೆ.

ಪಟ್ಟಿಯಿಂದ ತಿರುಗುವ ಹಳೆಯವುಗಳಲ್ಲಿ ಗುಂಡಿನ ಬೇರಿಂಗು ಇರುವುದಿಲ್ಲ. ಶಾಫ್ಟು ಕೂರುವುದು ಬಿಳಿ ಲೋಹದ ಬುಷ್ಷಿನಲ್ಲಿ. ತವರ, ಆಂಟಿಮನಿ, ತಾಮ್ರ ಬೆರೆಸಿದ ಈ ಲೋಹಕ್ಕೆ 1839ರಲ್ಲಿ ಅದನ್ನು ಕಂಡುಹಿಡಿದ ಐಸಾಕ್ ಬ್ಯಾಬಿಟ್‌ನ ಹೆಸರೇ ಇದೆ. ಸವೆದರೆ ಅಂಗಡಿಯಲ್ಲಿ ಸಿಗದು, ಮತ್ತೆ ಎರಕ ಹೊಯ್ಯಬೇಕು. ನಮ್ಮೂರಿನ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಕೂತು ನಾನಿದನ್ನು ಕಲಿತೆ. ಅವರು ಶಾಫ್ಟಿಗೆ ದೀಪದ ಮಸಿ ಹಿಡಿಸಿ, ಅದನ್ನು ನಡುವಿನಲ್ಲಿ ನೇರ ನಿಲ್ಲಿಸಿ, ಎರಡೂ ಬದಿಯ ಸಂದು ಜೇಡಿಮಣ್ಣಿನಿಂದ ಮುಚ್ಚುತ್ತಿದ್ದರು. ಮೈಯನ್ನೂ ಶಾಫ್ಟನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳಬೇಕು, ಒಂದಿಷ್ಟು ತೇವ ಉಳಿದಿದ್ದರೂ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಶಾಖ ನೋಡಲು ಅವರ ಹತ್ತಿರ ಥರ್ಮಾಮೀಟರು ಇರಲಿಲ್ಲ. ಒಣ ಕಡ್ಡಿಯನ್ನು ಲೋಹದಲ್ಲಿ ಅದ್ದುತ್ತಿದ್ದರು. ಕಡ್ಡಿ ಕಂದಬೇಕು, ಹೊತ್ತಬಾರದು. ಹೊತ್ತಿದರೆ ಲೋಹ ಅತಿ ಕಾದಿದೆ. ಆಮೇಲೆ ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ಹೊಯ್ಯುವುದು. ತಣಿದ ಮೇಲೆ ಶಾಫ್ಟಿಗೆ ನೀಲಿ ಬಣ್ಣ ಸವರಿ, ಬುಷ್ಷಿನಲ್ಲಿಟ್ಟು ತಿರುಗಿಸಿ, ನೀಲಿ ಅಂಟಿದ ಉಬ್ಬುಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆಯುವುದು. ಮತ್ತೆ ಸವರು, ಮತ್ತೆ ಕೆರೆ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ. ಈ ವಿದ್ಯೆ ಗೊತ್ತಿರುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಯಂತ್ರವನ್ನು ಉಳಿಸುವ ನೆಪದಲ್ಲಾದರೂ ಅವರ ಹತ್ತಿರ ಕೂತು ಕಲಿಯಬೇಕೆಂದು ಚಿಕ್ಕವರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಮೋಟಾರಿರುವ ಗ್ರೈಂಡರಿನಲ್ಲಿ ಬೇರಿಂಗು ಬದಲಿಸುವುದು ಸುಲಭ. ಹೊಡೆದು ಕೂರಿಸಬಾರದು, ಒಳಗಿನ ಉಂಗುರವನ್ನು ಒತ್ತಿ ಕೂರಿಸಬೇಕು. ಇಷ್ಟೇ ನಿಯಮ. ವೈಂಡಿಂಗು ಬೇರೆ ವಿಷಯ. ಹಳೆಯ ತಂತಿಯ ಮೇಲಿನ ಹತ್ತಿ, ರಬ್ಬರು ಒಣಗಿ ಮುಟ್ಟಿದರೆ ಉದುರುತ್ತದೆ. ಕರೆಂಟಿಗೆ ಹಾಕುವ ಮುಂಚೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲಿ ನೋಡಬೇಕು. 1 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಒಳಗೆ ತೇವವಿದೆ, ಇಲ್ಲವೇ ಸುರುಳಿ ಮೈಗೆ ತಗುಲಿದೆ. ಬಿಸಿಲಲ್ಲಿ ಒಣಗಿಸಿ ಮತ್ತೆ ನೋಡಿ, ಆಗಲೂ ಏರದಿದ್ದರೆ ರಿವೈಂಡಿಂಗಿಗೆ ಕೊಡಿ. ಅರ್ತಿಂಗ್ ತಂತಿ ಇಲ್ಲದೆ ಬಂದ ಯಂತ್ರಕ್ಕೆ ಮೊದಲು ಅದನ್ನು ಹಾಕಿ. ಬೀಡು ಕಬ್ಬಿಣದ ಮೈ, ಬರಿಗಾಲು, ಮಣ್ಣಿನ ನೆಲ ಒಟ್ಟಾದರೆ ಇನ್ನೇನು ಹೇಳಲಿ.

ಈಗ ಕಲ್ಲಿಗೆ ಬರುತ್ತೇನೆ. ಹಳೆಯ ವಸ್ತುಗಳ ಮೇಲೆ ಪ್ರೀತಿ ಇರುವವರಿಗೆ ನಾನು ಖಡಾಖಂಡಿತವಾಗಿ ಹೇಳುವ ಮಾತು ಒಂದೇ. ಯಂತ್ರದ ಮೈ, ಶಾಫ್ಟು, ಹೆಸರಿನ ಫಲಕ, ಸವೆದ ಹಿಡಿ ಎಲ್ಲವನ್ನೂ ಉಳಿಸಿಕೊಳ್ಳಿ. ಅದರ ಮೇಲೆ ಕೂತು ಬಂದ ಹಳೆಯ ಕಲ್ಲನ್ನು ಮಾತ್ರ ಮತ್ತೆ ತಿರುಗಿಸಬೇಡಿ.

ಯಾಕೆಂದು ಹೇಳುತ್ತೇನೆ. ನಮ್ಮ ಹಿಂದಿನವರ ಸಾಣೆ ಕುರಂಜದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ್ದು. ಅದು ಕೈಯಲ್ಲೋ ಕಾಲಲ್ಲೋ ನಿಧಾನ ತಿರುಗುತ್ತಿತ್ತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಮಾಡಿದ ಮೇಲೆ, ಕೃತಕ ಹರಳುಗಳನ್ನು ಜೇಡಿಮಣ್ಣಿನಲ್ಲಿ ಕಲಸಿ ಭಟ್ಟಿಯಲ್ಲಿ ಸುಟ್ಟ ಕಲ್ಲುಗಳು ಎಲ್ಲೆಡೆ ಹಬ್ಬಿದವು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಶುರುವಾಗುವ ಹೊತ್ತಿಗೆ ನಮ್ಮ ವರ್ಕ್‌ಶಾಪುಗಳಿಗೆ ಇಂಥ ಕಲ್ಲು ಹೊಸದೇನೂ ಆಗಿರಲಿಲ್ಲ. ಸುಟ್ಟ ಕಲ್ಲು ಗಟ್ಟಿ, ಆದರೆ ಪೆಡಸು. ಕೆಳಗೆ ಬಿದ್ದರೆ, ಪಾನಾ ತಗುಲಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. 8 ಇಂಚಿನ ಕಲ್ಲು ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಹತ್ತಿರಹತ್ತಿರ 30 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 100 ಕಿಲೋಮೀಟರಿಗಿಂತ ಹೆಚ್ಚು. ಆ ವೇಗದಲ್ಲಿ ಒಡೆದ ಕಲ್ಲಿನ ಚೂರು ಎದುರು ನಿಂತವನ ಎದೆಗೇ ಬರುತ್ತದೆ. ಗುಜರಿಯ ಅಂಗಳದಲ್ಲಿ ಮಳೆ ಬಿಸಿಲಿಗೆ ಬಿದ್ದ, ಒಂದು ಮಗ್ಗುಲು ಎಣ್ಣೆ ಕುಡಿದ ಕಲ್ಲಿನ ಒಳಗೇನಿದೆಯೆಂದು ಯಾರು ಬಲ್ಲರು? ಹಳೆಯ ಕಲ್ಲನ್ನು ಗೋಡೆಗೆ ತೂಗುಹಾಕಿ, ಬೇಡವೆನ್ನುವುದಿಲ್ಲ. ಯಂತ್ರಕ್ಕೆ ಹೊಸದು ತನ್ನಿ.

ಹೊಸದನ್ನೂ ಬಡಿದು ನೋಡಿಯೇ ಹಾಕಬೇಕು. ಇದು ಬಾನುಲಿಯಲ್ಲಿ ಹೇಳಲು ತಕ್ಕ ವಿಷಯ, ಯಾಕೆಂದರೆ ಪರೀಕ್ಷೆ ಪೂರ್ತಿ ಕಿವಿಯದು. ಕಲ್ಲಿನ ನಡುವಿನ ತೂತಿಗೆ ಬೆರಳು ಹಾಕಿ ತೂಗಿ ಹಿಡಿಯಿರಿ. ದೊಡ್ಡದಾದರೆ ಕೋಲಿಗೆ ಏರಿಸಿ. ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯಿಂದ, ಅಂಚಿಗಿಂತ ಒಂದೆರಡು ಇಂಚು ಒಳಗೆ, ನಡುಗೆರೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲನೆ ತಟ್ಟಿ. ಒಂದಿಷ್ಟು ತಿರುಗಿಸಿ ಮತ್ತೆ ತಟ್ಟಿ. ಬಿರುಕಿಲ್ಲದ ಕಲ್ಲು ಕಂಚಿನ ತಟ್ಟೆಯಂತೆ ದನಿ ಕೊಡುತ್ತದೆ, ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಿರುಕಿದ್ದರೆ ‘ಠಪ್’ ಎಂದು ಅಲ್ಲೇ ಸಾಯುತ್ತದೆ. ರಾಳ ಬೆರೆಸಿದ ಕಲ್ಲುಗಳು ಇಷ್ಟು ಸ್ಪಷ್ಟವಾಗಿ ಉಲಿಯುವುದಿಲ್ಲ. ಒದ್ದೆಯಾದ ಕಲ್ಲೂ ಉಲಿಯದು. ಅದಕ್ಕೆ ಒಣಗಿದ, ಧೂಳು ಒರೆಸಿದ ಕಲ್ಲನ್ನೇ ತಟ್ಟಬೇಕು. ಎರಕ ಕಲಿಸಿದ ಆ ಮಿಸ್ತ್ರಿ ಹೊಸ ಕಲ್ಲಿನ ಪೊಟ್ಟಣ ಬಿಚ್ಚುವಾಗಲೆಲ್ಲ ಹೇಳುತ್ತಿದ್ದರು: “ಅಂಗಡ್ಯಾವ ಚಲೋ ಐತಿ ಅಂದ್ರ ಆತೇನಪ? ನಾ ಬಡಿದು ಕೇಳದ ಕಲ್ಲು ಮಿಷಿನ್ನಿಗೆ ಹತ್ಸಂಗಿಲ್ಲ.” ನಾನು “ಆತ್ರೀ ಚಾಚಾ” ಅನ್ನುತ್ತಿದ್ದೆ. ಅವರು ಕಲ್ಲನ್ನು ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿ ತೋರಿಸುತ್ತಿದ್ದರು.

ದೊಡ್ಡ ಕಲ್ಲು ಹೆಚ್ಚು ಕೆಲಸ ಕೊಡುತ್ತದೆಂದು 8 ಇಂಚಿನ ಯಂತ್ರದ ಮುಚ್ಚಳ ತೆಗೆದು 10 ಇಂಚಿನದನ್ನು ಹಾಕುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಅದೇ 2,850 ಸುತ್ತಿಗೆ 10 ಇಂಚಿನ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 38 ಮೀಟರ್ ಓಡುತ್ತದೆ. ಸಾಮಾನ್ಯ ಸುಟ್ಟ ಕಲ್ಲಿನ ಮೇಲೆ ಬರೆದಿರುವ ಮಿತಿ 33 ಅಥವಾ 35. ದೊಡ್ಡ ಕಲ್ಲು ಬೇಕಿದ್ದರೆ 1,440 ಸುತ್ತಿನ ಮೋಟಾರೇ ಬೇಕು. ಪಟ್ಟಿಯ ಯಂತ್ರಗಳಲ್ಲಿ ಪುಲ್ಲಿ ಬದಲಿಸಿ ವೇಗ ಏರಿಸುವ ಚಾಳಿಯೂ ಇದೇ ಜಾತಿಯ ಅಪಾಯ. ಕಲ್ಲಿನ ಎರಡು ಬದಿಗೆ ದಪ್ಪ ಕಾಗದದ ವಾಷರು ಬೇಕೇ ಬೇಕು. ಅದು ಬರೀ ಲೇಬಲ್ಲಲ್ಲ, ಫ್ಲಾಂಜಿನ ಒತ್ತಡವನ್ನು ಸಮನಾಗಿ ಹಂಚುವ ಮೆತ್ತೆ. ಕಿತ್ತು ಎಸೆಯಬಾರದು.

ಕಟ್ಟಿದ ಕಲ್ಲಿನ ಮೈ ಸಮ ಮಾಡಲು ನಕ್ಷತ್ರದಾಕಾರದ ಉಕ್ಕಿನ ಚಕ್ರಗಳ ಡ್ರೆಸ್ಸರು ಸಾಕು. ಇನ್ನೂ ನಯ ಬೇಕಾದವರು ತುದಿಗೆ ವಜ್ರ ಕೂರಿಸಿದ್ದನ್ನು ಬಳಸುತ್ತಾರೆ. ವಜ್ರವೆಂದರೆ ಹೆದರಬೇಡಿ, ಒಡವೆಗೆ ಬಾರದ ಮಸುಕು ಹರಳು ಅದು. ಆದರೂ ಆ ಡ್ರೆಸ್ಸರು ಕೈಯಲ್ಲಿರುವಾಗ ನನಗೆ ನಮ್ಮದೇ ಸೀಮೆಯ ನೆನಪಾಗುತ್ತದೆ. ಆಗ್ನೇಯಕ್ಕೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆಯ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದದ್ದೇ ತಡ, ಜನ ನೆಲ ನೋಡುತ್ತ ವಜ್ರ ಹುಡುಕಿಕೊಂಡು ಅಲೆಯುತ್ತಾರೆ. ಕಬ್ಬಿಣವನ್ನು ಕೊರೆಯುವುದು ಕಲ್ಲು, ಆ ಕಲ್ಲನ್ನು ಕೊರೆಯುವುದು ವಜ್ರ. ಒಂದೇ ಜಿಲ್ಲೆಯಲ್ಲಿ ಎರಡೂ ಇವೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೊಂದು ಎನಾಮಲ್. ಹೊಳೆಯುವಂತೆ ಮಾಡಿ ಷೋಕೇಸಿಗೆ ಇಡುವ ಆಸೆ ನನಗಿಲ್ಲ. ಕಾಡುವ ಪ್ರಶ್ನೆ ಟೂಲ್ ರೆಸ್ಟಿನದು. ಕಲ್ಲಿನ ಮುಂದೆ ಕಬ್ಬಿಣ ಊರಲು ಇರುವ ಆ ಪಟ್ಟಿಯ ಮೇಲೆ ಹಳೆಯ ಗ್ರೈಂಡರುಗಳಲ್ಲಿ ಒಂದು ತೋಡು ಬಿದ್ದಿರುತ್ತದೆ. ಯಾರೋ ಒಬ್ಬರು ವರ್ಷಾನುಗಟ್ಟಲೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಟೂಲು ಹಿಡಿದು ನಿಂತದ್ದರ ಗುರುತು ಅದು. ಕೆಲವು ತೋಡು ಎಡಕ್ಕೆ ವಾಲಿರುತ್ತವೆ, ಎಡಗೈ ಮಿಸ್ತ್ರಿ ಇರಬಹುದೇನೋ ಎಂದುಕೊಳ್ಳುತ್ತೇನೆ. ಅದನ್ನು ತೀಡಿ ಸಮ ಮಾಡಲು ಮನಸ್ಸಾಗುವುದಿಲ್ಲ. ಆದರೆ ಕಲ್ಲಿಗೂ ರೆಸ್ಟಿಗೂ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಸಂದಿಗೆ ಟೂಲು ಸಿಕ್ಕಿಕೊಂಡರೆ ಬೆರಳೂ ಹೋಯಿತು, ಕಲ್ಲೂ ಹೋಯಿತು. ಹಾಗಾಗಿ ನಾನು ಹೊಸ ರೆಸ್ಟು ಮಾಡಿಸಿ ಕೂರಿಸುತ್ತೇನೆ, ಹಳೆಯದನ್ನು ಅದೇ ಬೆಂಚಿನ ಪಕ್ಕಕ್ಕೆ ಸ್ಕ್ರೂ ಹಾಕಿ ಜಡಿಯುತ್ತೇನೆ.

ಹೀಗೆ ಸಿದ್ಧವಾದವುಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಪಟ್ಟಿಯ ಯಂತ್ರಗಳನ್ನು. ಉಳಿದವು ದುಡಿಯುವ ಜಾಗಕ್ಕೆ ಹೋಗಿವೆ. ಕೋಸಿಗಿಯ ಒಂದು ಸೈಕಲ್ ಅಂಗಡಿಗೆ, ಎಮ್ಮಿಗನೂರಿನ ಕಮ್ಮಾರಸಾಲೆಗೆ, ಐಟಿಐ ಮುಗಿಸಿ ಆಲೂರಿನಲ್ಲಿ ಸ್ವಂತ ಲೇತು ಹಾಕಿದ ಹುಡುಗನಿಗೆ. ಕೊಡುವಾಗ ಅವರ ಮುಂದೆಯೇ ಮೊದಲ ಸಲ ಸ್ವಿಚ್ಚು ಹಾಕುತ್ತೇನೆ. ಹಾಕಿ ಪಕ್ಕಕ್ಕೆ ಸರಿದು ನಿಲ್ಲಬೇಕು, ಒಂದು ನಿಮಿಷ ಯಾರೂ ಎದುರು ನಿಲ್ಲಬಾರದು. ಕಣ್ಣಿಗೆ ಕನ್ನಡಕ ಬೇಕು, ಕೈಗೆ ಗ್ಲೌಸು ಬೇಡ. ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಲುಂಗಿಯ ಚುಂಗು, ಹೆಗಲ ಮೇಲಿನ ಟವೆಲ್ಲು ದೂರ.

1948ರ ಕಾರ್ಖಾನೆಗಳ ಕಾಯಿದೆಯ 30ನೇ ಕಲಮು, ಸಾಣೆ ಹಿಡಿಯುವ ಪ್ರತಿ ಯಂತ್ರದ ಹತ್ತಿರ ಆ ಕಲ್ಲಿನ ಗರಿಷ್ಠ ಸುರಕ್ಷಿತ ವೇಗವನ್ನು ಬರೆದು ಹಾಕಲೇಬೇಕು ಎನ್ನುತ್ತಿತ್ತು. ಸೈಕಲ್ ಅಂಗಡಿ ಕಾರ್ಖಾನೆಯಲ್ಲ, ಆ ಕಾಯಿದೆ ಅಲ್ಲಿಗೆ ತಾಕುತ್ತಿರಲಿಲ್ಲ. ಆದರೂ ನಾನು ಕೊಡುವ ಪ್ರತಿ ಗ್ರೈಂಡರಿನ ಜೊತೆಗೆ ತಗಡಿನ ಹಲಗೆಯೊಂದು ಹೋಗುತ್ತದೆ. ಮೇಲೆ ಕನ್ನಡ, ಕೆಳಗೆ ತೆಲುಗು. ಯಂತ್ರ ಯಾವ ಮಿಲ್ಲಿನಿಂದ ಬಂತು, ಮೋಟಾರಿನ ಸುತ್ತು ಎಷ್ಟು, ಎಷ್ಟು ಇಂಚಿಗಿಂತ ದೊಡ್ಡ ಕಲ್ಲು ಹಾಕಬಾರದು ಎಂಬುದನ್ನು ಬಣ್ಣದಲ್ಲಿ ಬರೆಸಿರುತ್ತೇನೆ. ಕಲ್ಲಿನ ಮೇಲಿನ ವೇಗದ ಅಂಕಿಗೆ ಮಾತ್ರ ಜಾಗ ಖಾಲಿ ಬಿಟ್ಟು ಸೀಮೆಸುಣ್ಣ ಕೊಡುತ್ತೇನೆ, ಕಲ್ಲು ಬದಲಾದಾಗಲೆಲ್ಲ ಅವರೇ ನೋಡಿ ಬರೆಯಬೇಕು.